ಕೋಲಾರದಲ್ಲಿ ಎಡಗೈ ಸ್ಪಿನ್: ನನ್ನ ಅನುಭವ

"ಹೆಣ್ಣುಮಕ್ಕಳಿಗೆ ಸ್ಪಿನ್ ಕಲಿಸಿ ಏನು ಸಿಗುತ್ತೆ ಮೇಡಂ, ಎತ್ತೆತ್ತಿ ಹೊಡೀತಾರೆ" ಅಂತ ಇಲ್ಲಿ ಹುಡುಗಿಯರಿಗೆ ಕ್ರಿಕೆಟ್ ಕಲಿಸುವ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈ ಸಲ ನಮ್ಮ ಎಡಗೈ ಹುಡುಗಿ ವಲಯ ತಂಡಕ್ಕೆ ಆಯ್ಕೆಯಾದಳು. ಈಗ ಅವರೇ ಬಂದು "ನಮ್ಮ ಮಗಳಿಗೂ ಹೇಳಿಕೊಡಿ" ಅನ್ನುತ್ತಾರೆ.

ನನ್ನ ತಲೆಯಲ್ಲಿ ಇದ್ದದ್ದು ಭಾರತಕ್ಕೆ ಆಡಿದ ಎಡಗೈ ಸ್ಪಿನ್ನರ್, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್. 2017ರ ವಿಶ್ವಕಪ್‌ನಲ್ಲಿ ಅವರಿಗೆ ಆಡಲು ಸಿಕ್ಕಿದ್ದೇ ತಡವಾಗಿ. ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯಕ್ಕೆ ಡರ್ಬಿಯಲ್ಲಿ ಇಳಿಸಿದರು. 15 ರನ್‌ಗೆ 5 ವಿಕೆಟ್, ಎದುರಾಳಿ 79ಕ್ಕೆ ಗಂಟುಮೂಟೆ. ಭಾರೀ ತಿರುಗಿಸುವ ಹಟವಿಲ್ಲ, ಸ್ಟಂಪ್ ಬಿಡುವುದಿಲ್ಲ. ನನಗೆ ಬೇಕಾದದ್ದು ಅದೇ.

ಮೊದಲ ಜಗಳ ಚೆಂಡಿನದ್ದು. ನಮ್ಮ ಕಡೆ ಹುಡುಗರು ಆಡಿ ಬಿಟ್ಟ ಚೆಂಡೇ ಹುಡುಗಿಯರ ಕೈಗೆ. ಅದು 156ರಿಂದ 163 ಗ್ರಾಂ. ಮಹಿಳೆಯರ ಚೆಂಡು 140ರಿಂದ 151, ಸುತ್ತಳತೆಯೂ ಸ್ವಲ್ಪ ಕಡಿಮೆ. ಹದಿಮೂರರ ಹುಡುಗಿಯ ತೋರುಬೆರಳು ಸೀಮ್ (ಚೆಂಡಿನ ಹೊಲಿಗೆ) ಮೇಲೆ ಸರಿಯಾಗಿ ಕೂರಬೇಕು ಅಂದರೆ ಇದು ಸಣ್ಣ ವ್ಯತ್ಯಾಸ ಅಲ್ಲ. ದೊಡ್ಡ ಚೆಂಡಾದರೆ ಅಂಗೈಯಿಂದ ತಳ್ಳುತ್ತಾರೆ, ಆ ಅಭ್ಯಾಸ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಬೆಂಗಳೂರಿನಿಂದ ಒಂದು ಡಜನ್ ತರಿಸಿದೆ, ಒಂದಕ್ಕೆ ಸುಮಾರು ಐನೂರು. ಪಿಚ್‌ಗೆ ಹಾಸಿದ್ದ ಮ್ಯಾಟ್ ಕೆಳಗೆ ಗರಸು ಮಣ್ಣು. ತಿಂಗಳೊಳಗೆ ಚೆಂಡಿನ ಚರ್ಮ ಸುಲಿದು ಆರು ಸಾವಿರ ಮಣ್ಣುಪಾಲು.

ಮ್ಯಾಟ್ ಎತ್ತಿಸಿ ಮಣ್ಣಿನ ಪಿಚ್ ಮಾಡಲು ಹೊರಟೆ. ಬರೀ ಕೆಂಪು ಮಣ್ಣು ಬೇಗ ಪುಡಿಯಾಗುತ್ತದೆ. ಬೇಸಿಗೆಯಲ್ಲಿ ಹೊಲಕ್ಕೆ ಕೆರೆ ಗೋಡು (ಹೂಳು ಮಣ್ಣು) ಹೊಡೆಯುವ ಟ್ರ್ಯಾಕ್ಟರ್‌ನವರಿಗೆ ಹೇಳಿ ಎರಡು ಲೋಡ್ ಹಾಕಿಸಿದೆ, ಲೋಡಿಗೆ ಎಂಟುನೂರೋ ಸಾವಿರವೋ. ಮೊದಲ ಪದರ ಒಣಗಿ, ಬಿರಿದು, ಅಂಗೈ ಅಗಲದ ಹೆಂಟೆಗಳಾಗಿ ಎದ್ದು ಕೂತಿತು. ಎಲ್ಲ ಕಿತ್ತು, ಜರಡಿ ಹಿಡಿದು, ಕೆಂಪು ಮಣ್ಣು ಬೆರೆಸಿ, ನೀರುಣಿಸಿ, ಅರ್ಧ ಆರಿದ ಮೇಲೆ ರೋಲರ್ ಎಳೆಸಿದೆ. ಯಾವುದು ಎಷ್ಟು ಪಾಲು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ನಡುವೆ ಮಾಲೂರಿನ ಗೂಡಿನಿಂದ ಇಟ್ಟಿಗೆ ಪುಡಿ ತಂದು ಒಂದು ತುದಿಗೆ ಹಾಕಿ ನೋಡಿದೆ. ಚೆಂಡಿಗೆ ಏನೂ ಆಗಲಿಲ್ಲ. ಬಿಳಿ ಬಟ್ಟೆಗಳೆಲ್ಲ ಕೆಂಪಾಗಿ ತಾಯಂದಿರು ನನ್ನ ಮೇಲೆ ಬಿದ್ದರು!

ಫ್ಲೈಟ್‌ಗೆ, ಅಂದರೆ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಾಕುವುದಕ್ಕೆ, ಪಿಚ್‌ಗೆ ಅಡ್ಡಲಾಗಿ ಹಗ್ಗ ಕಟ್ಟುವುದು ಎಲ್ಲರಿಗೂ ಗೊತ್ತು. ನಾನು ಸ್ಟಂಪ್ ಜಾಗದಲ್ಲಿ ಟೊಮೆಟೊ ಕ್ರೇಟ್ ಉದ್ದಕ್ಕೆ ನಿಲ್ಲಿಸಿದೆ, ಬಾಯಿ ಬೌಲರ್ ಕಡೆಗೆ. ಹಗ್ಗದ ಮೇಲಿಂದ ಹೋಗಿ, ಒಂದು ಸಲ ನೆಲಕ್ಕೆ ಬಿದ್ದು, ಒಳಗೆ ಕೂತರೆ ಮಾತ್ರ ಲೆಕ್ಕ. ಚೆಂಡು ಹೆಕ್ಕಲು ಓಡಾಟವೂ ಕಡಿಮೆ. ಮೊದಮೊದಲು ಹತ್ತಕ್ಕೆ ಒಂದು ಬೀಳುತ್ತಿತ್ತು, ಈಗ ನಾಲ್ಕೈದು. ಮಂಡಿಯಲ್ಲಿ ಒಡೆದ ಕ್ರೇಟ್ ಪುಕ್ಕಟೆ ಸಿಗುತ್ತೆ, ಅಲ್ವಾ. ತಿರುಗದೆ ನೇರ ಹೋಗುವ ಆರ್ಮ್ ಬಾಲ್ ಹೇಗೆ ಶುರು ಮಾಡಿಸುತ್ತೇನೆ ಅಂತ ಕೇಳಬೇಡಿ, ನೆಟ್ಸ್‌ಗೆ ಬಂದು ಸುಮ್ನೆ ನಿಂತು ನೋಡಿ.

ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಮಂಡಿ ನಡೆಸುವ ಒಬ್ಬ ತಂದೆ "ಇದರಿಂದ ಹುಟ್ಟುವಳಿ ಏನು?" ಅಂದರು. ಭಾರತ ತಂಡದಲ್ಲಿ 2022ರಿಂದ ಹುಡುಗರಿಗೂ ಹುಡುಗಿಯರಿಗೂ ಒಂದೇ ಪಂದ್ಯ ಶುಲ್ಕ: ಟೆಸ್ಟ್‌ಗೆ 15 ಲಕ್ಷ, ಒನ್‌ಡೇಗೆ 6, ಟಿ20ಗೆ 3. 2024ರ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12ಕ್ಕೆ 4 ತೆಗೆದದ್ದೂ ಸ್ಪಿನ್‌ನಲ್ಲೇ ಅಂದೆ. ಮರುದಿನ ರೋಲರ್ ರಿಪೇರಿ ಖರ್ಚು ಅವರೇ ಕೊಟ್ಟರು.

ಈಗ ಬಲಗೈ ಆಫ್ ಸ್ಪಿನ್ ಹುಡುಗಿಯರಿಗೆ ಇನ್ನೊಂದು ಪಿಚ್ ಬೇಕು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂದ ಮೇಲೆ ಹತ್ತಿರದ ಕೆರೆಗಳು ಒಣಗುವುದೇ ಅಪರೂಪ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಳ್ಳೆ ಗೋಡಿರುವ ಒಣ ಕೆರೆ ಇದ್ದರೆ ತಿಳಿಸಿ, ಟ್ರ್ಯಾಕ್ಟರ್ ಬಾಡಿಗೆ ನನ್ನದು.