ಹಾರದ ಹಕ್ಕಿಗಳ ಮೂಳೆ ಹೋಲಿಸ್ಬೇಕಾ? ನಾಟಿ ಕೋಳಿ ಸಾರಿಂದ ಶುರು ಮಾಡಿ

ಆಸ್ಟ್ರಿಚ್ ಅಸ್ಥಿಪಂಜರದ ಫೋಟೋ ಕಂಡ ತಕ್ಷಣ ಎಲ್ರೂ ರೆಕ್ಕೆ ಎಷ್ಟು ಚಿಕ್ಕದು ಅಂತ ನೋಡ್ತಾರೆ, ಅದು ಆಮೇಲೆ, ಮೊದ್ಲು ಎದೆ ಮೂಳೆ ನೋಡಿ. ಹೋಲಿಸೋಕೆ ಕೈಯಲ್ಲೊಂದು ಮೂಳೆ ಇದ್ರೆ ಚೆನ್ನ, ಸಾರು ಮಾಡಿದ ದಿನ ಕೋಳಿದು ಎತ್ತಿಟ್ಕೊಳ್ಳಿ. ಬ್ರಾಯ್ಲರ್ ಬೇಡ, ಅದನ್ನ ಎಳೇದಿರುವಾಗ್ಲೇ ಕುಯ್ದಿರ್ತಾರೆ, ಎದೆ ಮೂಳೆ ತುದಿ ಇನ್ನೂ ಮೆತ್ತಗಿರುತ್ತೆ, ಬೆಂದ್ರೆ ಕಿತ್ಕೊಂಡು ಬರುತ್ತೆ. ವಯಸ್ಸಾದ ನಾಟಿ ಕೋಳಿದೇ ಆಗ್ಬೇಕು.

ತೊಳ್ದು ಒಣಗಿಸಿ ಬೆರಳಾಡಿಸಿ. ಮಧ್ಯದಲ್ಲಿ ದೋಣಿ ತಳದ ಥರ ಏಣು ಎದ್ದಿದೆಯಲ್ಲ ಅದೇ ಕೀಲ್, ರೆಕ್ಕೆ ಬಡಿಯೋ ಮಾಂಸಖಂಡ ಅಂಟ್ಕೊಳ್ಳೋದು ಅದರ ಎರಡು ಪಕ್ಕಕ್ಕೆ, ನಾವು ಬ್ರೆಸ್ಟ್ ಪೀಸ್ ಅಂತ ತಿನ್ನೋದು ಅದನ್ನೇ. ಈಗ ಆಸ್ಟ್ರಿಚ್, ಎಮು, ರಿಯಾ (ದಕ್ಷಿಣ ಅಮೆರಿಕದ ಹಾರದ ದೊಡ್ಡ ಹಕ್ಕಿ), ಕಿವಿ (ಕೇಳೋ ಕಿವಿ ಅಲ್ಲ ಮಾರಾಯ್ರೆ, ನ್ಯೂಜಿಲೆಂಡ್ ಹಕ್ಕಿ) ಫೋಟೋ ತೆಗೀರಿ, ಏಣೇ ಇಲ್ಲ, ಎದೆ ಮೂಳೆ ಗುರಾಣಿ ಥರ ನುಣ್ಣಗೆ.

ಆಮೇಲೆ ಹೆಗಲು. ಕೋಳೀಲಿ ಕತ್ತಿಯಂಥ ಹೆಗಲ ಮೂಳೆ ಬೇರೆ, ಹೆಗಲನ್ನ ಎದೆ ಮೂಳೆಗೆ ಸೇರಿಸೋ ದಪ್ಪಗಿರೋ ಕೊರಾಕಾಯ್ಡ್ ಮೂಳೆ ಬೇರೆ, ಎರಡೂ ಚೂಪಾದ ಕೋನದಲ್ಲಿ ಸೇರ್ತವೆ. ಆಸ್ಟ್ರಿಚ್ ಗುಂಪಲ್ಲಿ ಎರಡೂ ಬೆಸೆದು ಒಂದೇ ಮೂಳೆ ಆಗಿ ಕೋನ ಅಗಲ ಆಗಿರುತ್ತೆ. ಈಗ ರೆಕ್ಕೆ ನೋಡ್ಬಹುದು, ನ್ಯೂಜಿಲೆಂಡಲ್ಲಿದ್ದು ಅಳಿದುಹೋದ ದೊಡ್ಡ ಹಕ್ಕಿ ಮೋವಾದಲ್ಲಂತೂ ರೆಕ್ಕೆ ಮೂಳೆ ಒಂದೂ ಇಲ್ಲ.

ಕಾಲಿಗೆ ಬಂದಾಗ ಸೆಂಟಿಮೀಟರ್ ಹಿಂದೆ ಬೀಳ್ಬೇಡಿ, ಎಲ್ಲಾ ಫೋಟೋ ಒಂದೇ ಸ್ಕೇಲಲ್ಲಿ ಇರಲ್ಲ, ಅದೇ ಹಕ್ಕಿಯ ತೊಡೆ ಮೂಳೆ ಜೊತೆ ಪಾದದ ಉದ್ದ ಮೂಳೆ ಇಟ್ಟು ನೋಡಿ. ಹಿಂದಕ್ಕೆ ಮಡಚೋ ಗಂಟನ್ನ ಮಂಡಿ ಅನ್ಕೋಬೇಡಿ, ಅದು ಕಾಲಿನ ಗಿಣ್ಣು, ನಿಜವಾದ ಮಂಡಿ ಮೇಲೆ ಪುಕ್ಕದೊಳಗೆ ಇರುತ್ತೆ. ಓಡೋ ಆಸ್ಟ್ರಿಚ್‌ಗೆ ಪಾದದ ಮೂಳೆ ತೊಡೆಗಿಂತ ಉದ್ದ, ಬೆರಳು ಎರಡೇ, ಎಮುಗೆ ಮೂರು, ಕಿವಿಗೆ ನಾಲ್ಕು.

ಎಡವೋದು ಎರಡು ಕಡೆ. ಒಂದು ಪೆಂಗ್ವಿನ್. ಹಾರಲ್ಲ, ಆದ್ರೆ ಏಣು ದೊಡ್ಡದಾಗೇ ಇದೆ, ಯಾಕಂದ್ರೆ ಅದು ನೀರೊಳಗೆ ರೆಕ್ಕೆ ಬಡಿಯುತ್ತೆ. ಇನ್ನೊಂದು ಇನ್ನೂ ಮೋಸದ್ದು, ಏಣು ಇಲ್ಲ ಅಂದ್ಕೂಡ್ಲೇ ಎಲ್ಲಾ ಒಂದೇ ವಂಶ ಅಂದ್ಬಿಡೋದು. ಕಾಕಾಪೋದ ಏಣೂ ಕುಗ್ಗಿಹೋಗಿದೆ, ಅದು ಹಾರದ ಗಿಣಿ ಜಾತಿ. ಅತ್ಲಾಗೆ ದಕ್ಷಿಣ ಅಮೆರಿಕದ ಟಿನಮೂ, ಏಣಿದೆ, ಹಾರುತ್ತೆ, ಆದ್ರೂ ಆಸ್ಟ್ರಿಚ್ ನೆಂಟ. 2014ರ ಡಿಎನ್ಎ ಕೆಲಸದಲ್ಲಿ ಮಡಗಾಸ್ಕರ್‌ನಲ್ಲಿದ್ದು ಅಳಿದುಹೋದ ದೈತ್ಯ ಆನೆ ಹಕ್ಕಿಗೆ ಹತ್ತಿರದ ಸಂಬಂಧಿ ಕೋಳಿ ಗಾತ್ರದ ಕಿವಿ ಅಂತ ಬಂತು, ನಡುವೆ ಸಮುದ್ರ ಇದೆ, ಅವುಗಳ ಪೂರ್ವಜರು ಹಾರಿಯೇ ದಾಟಿರ್ಬೇಕು, ಅಂದ್ರೆ ಹಾರೋದನ್ನ ಬೇರೆ ಬೇರೆ ಕಡೆ ಬೇರೆ ಬೇರೆಯಾಗೇ ಬಿಟ್ಟಿದ್ದಾವೆ.

ಹಾಗಾಗಿ ನೆಂಟಸ್ತಿಕೆ ಹುಡುಕೋರು ಅಂಗುಳಿನ ಮೂಳೆ ನೋಡ್ತಾರೆ, 1867ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್ಲಿ ಹಕ್ಕಿಗಳನ್ನ ವಿಂಗಡಿಸಿದ್ದೂ ಅದರ ಮೇಲೇ. ಅಂಗುಳು ಫೋಟೋದಲ್ಲಿ ಸರಿಯಾಗಿ ಕಾಣಲ್ಲ, ಸೊಂಟ ಸುಲಭ. ಕೋಳಿ ಸೊಂಟದ ಪಕ್ಕದಲ್ಲಿ ಸುತ್ತ ಮುಚ್ಚಿರೋ ಕಿಟಕಿ ಥರ ತೂತು, ಆಸ್ಟ್ರಿಚ್‌ಗೂ ಟಿನಮೂಗೂ ಅದು ಹಿಂದುಗಡೆ ತೆರ್ಕೊಂಡಿರುತ್ತೆ. ಅದಕ್ಕೇ ಹೇಳಿದ್ದು, ಸೊಂಟದ ಮೂಳೆನೂ ಎತ್ತಿಡಿ, ಬೆಕ್ಕಿಗೆ ಹಾಕ್ಬೇಡಿ.