ಏಳು ಫ್ಯಾನ್ ನಾಲ್ಕಾದ ಮೇಲೆ ತಣ್ಣಗಾದ ಕ್ಯಾಬಿನೆಟ್

ಕಂಪ್ಯೂಟರ್ ಕ್ಯಾಬಿನೆಟ್ ಬಿಸಿಯಾಗ್ತಿದೆ ಅಂತ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌.ಪಿ. ರೋಡಿಗೆ ಹೋದರೆ ಸಿಗೋದು ಒಂದೇ ಔಷಧಿ: "ಇನ್ನೊಂದು ಫ್ಯಾನ್ ಹಾಕ್ಬಿಡಿ ಸಾರ್." ಹಾಗೆ ಹಾಕಿಸಿ ಹಾಕಿಸಿ ನನ್ನದರಲ್ಲಿ ಏಳಾಗಿತ್ತು. ಮುಂದೆ ಮೂರು, ಮೇಲೆ ಮೂರು, ಹಿಂದೊಂದು. ರೈಜೆನ್ 5 5600ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಮುಂಭಾಗ ಪೂರ್ತಿ ಗಾಜು. ಮನೆ ಕತ್ರಿಗುಪ್ಪೆಯಲ್ಲಿ, ಕೊನೇ ಮಹಡಿ. ಏಪ್ರಿಲ್ ಮಧ್ಯಾಹ್ನ ರೂಮೇ 33 ಡಿಗ್ರಿ ಇರುತ್ತೆ. 3ಡಿ ಚಿತ್ರ ಮಾಡೋ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಅರ್ಧ ಗಂಟೆ ರೆಂಡರ್‌ಗೆ ಬಿಟ್ಟರೆ ಕಾರ್ಡ್ 83 ಮುಟ್ಟಿ ವೇಗ (ಕ್ಲಾಕ್) ಇಳಿಸಿಕೊಳ್ತಿತ್ತು. ಪ್ರೊಸೆಸರ್ 88ರ ಆಸುಪಾಸು.

ದುಡ್ಡು ಹೋದ ದಾರಿ ಕೇಳಿ. ಬಣ್ಣದ ಲೈಟಿನ ಫ್ಯಾನ್‌ಗಳಿಗೆ ಎರಡೂವರೆ ಸಾವಿರದ ಹತ್ತಿರ. ಎಲ್ಲಾ ನೇರ ಪವರ್ ಸಪ್ಲೈಗೆ ಸಿಕ್ಕಿಸೋ ಮೊಲೆಕ್ಸ್ ಕನೆಕ್ಟರಿನವು, ಸದಾ ಫುಲ್ ಸ್ಪೀಡು. ಗಾಳಿಗಿಂತ ಸದ್ದೇ ಜಾಸ್ತಿ. ಪ್ರೊಸೆಸರ್ ಮೇಲೆ ಏಳೆಂಟು ನೂರರ ಥರ್ಮಲ್ ಪೇಸ್ಟ್ ಬಳಿದೆ, ಇಳಿದಿದ್ದು ಎರಡೇ ಡಿಗ್ರಿ. ಗೆಳೆಯನ ಹತ್ತಿರ 240 ಮಿ.ಮೀ. ಲಿಕ್ವಿಡ್ ಕೂಲರ್ (ದ್ರವ ಹರಿಸಿ ತಣಿಸೋದು) ಎರವಲು ತಂದು ರೇಡಿಯೇಟರನ್ನು ಮುಂದೆ ಕೂರಿಸಿದೆ. ಪ್ರೊಸೆಸರೇನೋ ಇಳೀತು, ಆದರೆ ಅದರ ಬಿಸಿಯೆಲ್ಲ ಒಳಕ್ಕೇ ಬಂದು ಕಾರ್ಡ್ ಇನ್ನೂ ಮೂರು ಡಿಗ್ರಿ ಏರಿತು. ಸದ್ಯ, ಅದಕ್ಕೆ ಏಳು ಸಾವಿರ ಸುರಿಯಲಿಲ್ಲ.

ಗಾಳಿ ನಿಜಕ್ಕೂ ಎಲ್ಲಿ ಓಡ್ತಿದೆ ಅಂತ ನೋಡೋಕೆ ಒಂದು ಊದುಬತ್ತಿ ಹಚ್ಚಿದೆ. ಮುಂಭಾಗದ ಮೇಲಿನ ಫ್ಯಾನ್ ಹತ್ತಿರ ಹಿಡಿದರೆ ಹೊಗೆ ಒಳಗೆ ನುಗ್ಗಿ, ಪ್ರೊಸೆಸರ್ ಕೂಲರ್ ಮುಟ್ಟೋ ಮೊದಲೇ ಗಕ್ಕನೆ ಮೇಲೆ ತಿರುಗಿ ಹೊರಗೆ ಹೋಯ್ತು. ತಣ್ಣನೆ ಗಾಳಿ ಕೆಲಸವೇ ಮಾಡದೆ ವಾಪಸ್! ಹಿಂದೆ ಕಾರ್ಡ್ ಕೂರಿಸೋ ಪಿಸಿಐ ಸ್ಲಾಟಿನ ಸಂದಿಗೆ ಹಿಡಿದರೆ ಇನ್ನೂ ಮಜಾ: ಅಲ್ಲಿಂದ ಹೊಗೆ ಒಳಗೆ ಎಳೀತಿತ್ತು. ಗಾಜಿನ ಹಿಂದೆ ಉಸಿರುಗಟ್ಟಿದ ಮೂರು ಫ್ಯಾನ್ ತರೋದಕ್ಕಿಂತ ಉಳಿದ ನಾಲ್ಕು ಹೊರಹಾಕೋದೇ ಹೆಚ್ಚು, ಕೊರತೆ ತುಂಬೋಕೆ ಸಿಕ್ಕಸಿಕ್ಕ ಸಂದಿಯಿಂದ ಗಾಳಿ. ಆ ಸಂದಿಗಳಿಗೆ ಫಿಲ್ಟರ್ ಎಲ್ಲಿ? ನಮ್ಮ ರಸ್ತೆ ವರ್ಷಪೂರ್ತಿ ಅಗೆದೇ ಇರುತ್ತೆ. ಕಾರ್ಡಿನ ಮೇಲೆ ಧೂಳಿನ ಕಂಬಳಿ ಸುಮ್ಮನೆ ಬಂದಿದ್ದಲ್ಲ.

ಮೇಲಿನ ಮೂರನ್ನೂ ಕಿತ್ತೆ. ತೂತುಗಳಿಗೆ ಕಪ್ಪು ಫೋಮ್ ಹಾಳೆ, ಅಂದ್ರೆ ಸನ್‌ಬೋರ್ಡ್ ಕತ್ತರಿಸಿ ಅಂಟಿಸಿದೆ. ಗಾಜೂ ಹೊರಗೆ. "ಮಗಾ, ಬಿಸಿ ಗಾಳಿ ಹೋಗೋದೇ ಮೇಲಕ್ಕೆ, ಅಲ್ಲೇ ಮುಚ್ತೀಯಲ್ಲೋ" ಅಂತ ಕೂಲರ್ ಕೊಟ್ಟ ಗೆಳೆಯ ನಕ್ಕ. ಸಾವಿರ ಆರ್‌ಪಿಎಂ ಫ್ಯಾನ್ ತಳ್ಳುವಾಗ ಬಿಸಿ ಗಾಳಿ ಮೇಲೇಳೋ ಬಲ ಯಾವ ಲೆಕ್ಕ? ಆರ್ಕ್ಟಿಕ್ ಪಿ12 ಫ್ಯಾನ್‌ಗಳ ಐದರ ಪ್ಯಾಕ್, ಮೂರು ಸಾವಿರದೊಳಗೆ ಸಿಕ್ಕಿತು: ಮುಂದೆ ಮೂರು, ಹಿಂದೊಂದು, ಉಳಿದಿದ್ದು ಸ್ಪೇರ್. ಕಾರ್ಡಿನ ಕೆಳಗಿನ ಎರಡು ಸ್ಲಾಟ್ ಪಟ್ಟಿಗಳನ್ನೂ ಬಿಚ್ಚಿದೆ. ಈಗ ಒಳಗೆ ಒತ್ತಡ ಹೆಚ್ಚಿರೋದ್ರಿಂದ ಅಲ್ಲಿಂದ ಬಿಸಿ ಹೊರಗೆ ಬರುತ್ತೆ, ಧೂಳು ಒಳಗೆ ಹೋಗಲ್ಲ. ಅದೇ ರೆಂಡರ್, ಅದೇ ಸುಡು ಮಧ್ಯಾಹ್ನ: ಕಾರ್ಡ್ 72-73, ಪ್ರೊಸೆಸರ್ 76. ರೂಮಿನ ಸೀಲಿಂಗ್ ಫ್ಯಾನ್ ಸದ್ದೇ ಇದಕ್ಕಿಂತ ಜೋರು.

ಗಾಜಿನ ಜಾಗಕ್ಕೆ ಮೊದಲು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದ್ದೆ. ನಾಲ್ಕು ಡಿಗ್ರಿ ಏರಿತು, ಕಿತ್ತೆಸೆದೆ. ಕಿಟಕಿಗೆ ಹಾಕೋ ನೈಲಾನ್ ಸೊಳ್ಳೆ ಪರದೆ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಬಿಟ್ಟೂ ನೋಡಿದೆ. ಡಿಗ್ರಿಯಲ್ಲಿ ಅದೇ ಗೆದ್ದಿತು, ಧೂಳಿನಲ್ಲಿ ಸೋತಿತು. ಬಯೋಸ್ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋ ಪಟ್ಟಿ) ಪ್ರೊಸೆಸರ್ ನೋಡಿ ಕುಣಿಯುತ್ತೆ, ನಮ್ಮ ಕೆಲಸದಲ್ಲಿ ಬೇಯೋದು ಕಾರ್ಡ್. ಹಾಗಾಗಿ ಫ್ಯಾನ್ ಕಂಟ್ರೋಲ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಮುಂದಿನ ಮೂರನ್ನೂ ಕಾರ್ಡಿನ ಉಷ್ಣಾಂಶಕ್ಕೆ ಕಟ್ಟಿದ್ದೀನಿ. ಕಾರ್ಡ್ ಸೆಟ್ಟಿಂಗ್ ಬದಲಿಸೋ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ವೋಲ್ಟೇಜನ್ನು 0.85 ವೋಲ್ಟಿಗೆ ಇಳಿಸಿದ ಮೇಲೆ ಇನ್ನೈದು ಡಿಗ್ರಿ ಕಮ್ಮಿ. ಕೆಳಗಿನ ಫ್ಯಾನಿನ ಗಾಳಿಯನ್ನು ಕಾರ್ಡಿಗೆ ತಿರುಗಿಸೋ ಒಂದು ತುಂಡು ಸನ್‌ಬೋರ್ಡೂ ಒಳಗಿದೆ. ಅದರ ಓರೆ ಎಷ್ಟು ಅಂತ ಹೇಳಲ್ಲ, ನನ್ನ ಭಾನುವಾರಗಳು ಅದಕ್ಕೇ ಹೋಗಿವೆ; ನೀವೂ ಸ್ವಲ್ಪ ಕತ್ತರಿಸಿ ನೋಡಿ.

ನಕ್ಕ ಗೆಳೆಯನ ಕ್ಯಾಬಿನೆಟ್ ಈಗ ನಮ್ಮನೆ ಟೇಬಲ್ ಮೇಲೆ ಬಿಚ್ಚಿಕೊಂಡು ಕೂತಿದೆ. ಸೊಳ್ಳೆ ಪರದೆಯನ್ನು ತಿಂಗಳಿಗೊಮ್ಮೆ ನಲ್ಲಿ ಕೆಳಗೆ ತೊಳೆದು ಒಣಗಿಸಿದರೆ ಆಯ್ತು. ಒಳಗೆ ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಿಟ್ಟು ಹಿಡ್ಕೊಳ್ಳಿ, ಇಲ್ಲಾಂದ್ರೆ ಬೇರಿಂಗ್ ಹೋಗಬಹುದು.