ಅರ್ಧಕ್ಕೆ ನಿಂತರೂ ಕೆಡದ ಆಟ: ವಾರ್ಡಿನ ಹಾಸಿಗೆಯ ಮೇಲೆ ಗಣಿತ

ಆಸ್ಪತ್ರೆಯ ವಾರ್ಡಿನಲ್ಲಿರುವ ಮಗುವಿಗೆ ಆಟದ ಮೂಲಕ ಗಣಿತ ಕಲಿಸಲು ಹೋದರೆ ನಲವತ್ತು ನಿಮಿಷದ ಪೀರಿಯಡ್ ಸಿಗುವುದಿಲ್ಲ. ಸಿಸ್ಟರ್ ಇಂಜೆಕ್ಷನ್ ತರುತ್ತಾರೆ, ಡಾಕ್ಟರ ರೌಂಡ್ಸ್ ಬರುತ್ತದೆ, ಸ್ಕ್ಯಾನಿಂಗ್‌ಗೆ ಕರೆಯುತ್ತಾರೆ. ಏನೂ ಇಲ್ಲದಿದ್ದರೂ ಮಗುವಿಗೆ ಸುಸ್ತಾಗಿ ಕಣ್ಣು ಎಳೆಯುತ್ತದೆ. ಆದ್ದರಿಂದ ಆಟವನ್ನು ಆರಿಸುವಾಗ ಒಂದು ಪರೀಕ್ಷೆ ಮಾಡಿ: ಈಗಲೇ ನಿಲ್ಲಿಸಿದರೆ, ಆಟ ಎಲ್ಲಿಗೆ ಬಂದಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಲು ಆಗುತ್ತದೆಯೇ? ಆಗುವುದಾದರೆ ಅದು ವಾರ್ಡಿಗೆ ಒಗ್ಗುವ ಆಟ. ಅಳಗುಳಿ ಮಣೆ ಲೆಕ್ಕಕ್ಕೆ ಬಹಳ ಒಳ್ಳೆಯದು, ನಿಜ. ಆದರೆ 14 ಗುಳಿಗೆ ಐದೈದರಂತೆ 70 ಬೀಜ. ಮಗು ಮಗ್ಗುಲು ಬದಲಿಸಿದರೆ ಅರ್ಧ ಬೀಜ ಬೆಡ್‌ಶೀಟಿನ ಮಡಿಕೆಯೊಳಗೆ. ಚೌಕಾಬಾರಕ್ಕೆ ಈ ಕಾಟವಿಲ್ಲ.

ಎ4 ಹಾಳೆಯಲ್ಲಿ 3.6 ಸೆಂ.ಮೀ. ಅಳತೆಯ ಮನೆಗಳನ್ನು ಐದಕ್ಕೆ ಐದರಂತೆ ಬರೆಯಿರಿ, 18 ಸೆಂ.ಮೀ. ಚೌಕವಾಗುತ್ತದೆ. ಕೆಳಗೆ ಉಳಿಯುವ ಜಾಗ ಆಟದ ಸಾಲು ಬರೆದ ಚೀಟಿ ಇಡುವುದಕ್ಕೆ. ಹೊರಸುತ್ತಿನ ನಾಲ್ಕು ನಡುಮನೆಗಳಿಗೂ ಮಧ್ಯದ ಮನೆಗೂ ಕಟ್ಟೆಯ ಗುರುತು ಹಾಕಿ. ಲ್ಯಾಮಿನೇಟ್ ಮಾಡಿಸಿದ ಮೇಲೆ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪಾಗಿದ್ದರೆ ಚರ್ಮ ಗೀರುತ್ತದೆ. ಬಿಳಿ ಬೋರ್ಡಿನ ಮಾರ್ಕರ್ ಬೇಡ. ಕೀಮೋ ನಡೆಯುತ್ತಿರುವ ಮಗುವಿಗೆ ಆ ವಾಸನೆಯೇ ವಾಕರಿಕೆ ತರಿಸಬಹುದು. ಸಾಲನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಅಲ್ಲಿ ಇಟ್ಟರಾಯಿತು.

ಕವಡೆ, ಹುಣಸೆ ಬೀಜ ಮನೆಯಲ್ಲೇ ಇರಲಿ. ಕವಡೆಯ ಹಲ್ಲುಗಳ ಸಂದಿಯ ಕೊಳೆ ತೊಳೆದರೂ ಹೋಗುವುದಿಲ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ 12 ಸಾಕು: ಇಬ್ಬರಿಗೆ ಎರಡು ಬಣ್ಣದಲ್ಲಿ ನಾಲ್ಕು ನಾಲ್ಕು ಕಾಯಿ, ಗರ ಹಾಕಲು ಇನ್ನು ನಾಲ್ಕು. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಿಳಿ ರಕ್ತಕಣ ಕಡಿಮೆಯಾಗಿ ಬೇಗ ಸೋಂಕು ತಗಲುವ ಮಗುವಿಗೆ ಹೊಸ ಸೆಟ್ ಕೊಟ್ಟು ಅಲ್ಲೇ ಬಿಟ್ಟುಬನ್ನಿ, ಪಕ್ಕದ ಹಾಸಿಗೆಗೆ ಒಯ್ಯಬೇಡಿ. ಏನನ್ನು ಒಳಗೆ ತರಬಹುದು ಎಂಬುದನ್ನು ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಅವರು ಬೇಡ ಎಂದದ್ದರ ಮೇಲೆ ವಾದ ಬೇಡ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮುಚ್ಚಳ ಕೊಡಬೇಡಿ. ಕಾಯಿ ಜಾರುತ್ತದೆಂದು ಗುಂಡಿಯಂಥ ಅಯಸ್ಕಾಂತ ಬಳಸುವವರಿದ್ದಾರೆ. ಎರಡು ನುಂಗಿದರೆ ಕರುಳನ್ನೇ ನಡುವೆ ಹಿಡಿದು ಕಚ್ಚುತ್ತವೆ. ಹಲಗೆಯ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಜಾರುವುದೂ ನಿಲ್ಲುತ್ತದೆ, ಸದ್ದೂ ತಗ್ಗುತ್ತದೆ.

ಬರೆಯುವ ಕೈಗೇ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ನಳಿಕೆ) ಹಾಕಿದ್ದರೆ ಮಗು ಮುಚ್ಚಳಗಳನ್ನು ಕಾಗದದ ಲೋಟದಲ್ಲಿಟ್ಟು ಇನ್ನೊಂದು ಕೈಯಿಂದ ಮಗುಚಲಿ. ಸ್ಟೀಲ್ ಲೋಟದ ಸದ್ದಿಗೆ ಪಕ್ಕದ ಮಗು ಎದ್ದೀತು.

ಇನ್ನು ಲೆಕ್ಕ. ಕಾಯಿ ತನ್ನ ಮನೆಯಿಂದ ಹೊರಟು ಹೊರಸುತ್ತಿನಲ್ಲಿ 15 ಹೆಜ್ಜೆ, ಒಳಸುತ್ತಿನಲ್ಲಿ 8, ಮಧ್ಯಕ್ಕೆ 1, ಒಟ್ಟು 24 ಹೆಜ್ಜೆ ನಡೆದು ಹಣ್ಣಾಗುತ್ತದೆ. ಪ್ರತಿ ಕಾಯಿಗೂ ಅದು ನಡೆದಿರುವ ಹೆಜ್ಜೆಯೇ ಹೆಸರು. ಆಟ ನಿಂತಾಗ ಬರೆಯುವ ಸಾಲು ಹೀಗಿರುತ್ತದೆ: "ಮಗು 0, 3, 11, 24, ಅಮ್ಮ 0, 0, 9, 16, ಗರ ಅಮ್ಮನದು." ಕೊನೆಯ ಎರಡು ಪದ ಮರೆತರೆ ಮರುದಿನದ ಮೊದಲ ಐದು ನಿಮಿಷ ಜಗಳಕ್ಕೇ ಹೋಗುತ್ತದೆ.

ಪಾಠ ಇರುವುದು ಆ ಸಾಲಿನಲ್ಲಿ. ಎರಡನೇ ತರಗತಿಯ ಮಗುವಿಗೆ "11ರ ಕಾಯಿ ಹಣ್ಣಾಗಲು ಇನ್ನೆಷ್ಟು?" ಸಾಕು. ಐದನೆಯವರಿಗೆ: "ಅಮ್ಮನ 9ರ ಕಾಯಿ ನಿನ್ನ 3ರ ಕಾಯಿಯನ್ನು ಹೊಡೆಯಲು ಯಾವ ಗರ ಬೀಳಬೇಕು?" ಎದುರು ಮನೆ 8 ಹೆಜ್ಜೆ ದೂರ, ಹಾಗಾಗಿ ಮಗುವಿನ 3 ಅಂದರೆ ಅಮ್ಮನ 11, ಬೇಕಾದ ಗರ 2. ಒಳಸುತ್ತಿಗೆ ಹೋದರೆ ಈ 8 ಅನ್ನುವುದು 4 ಆಗುತ್ತದೆ. ಇದನ್ನು ನೀವು ಹೇಳಬೇಡಿ. ಒಮ್ಮೆ ತಪ್ಪಾಗಿ ಎಣಿಸಿ ಮಗುವೇ ಹಿಡಿಯಲಿ.

ದೊಡ್ಡ ಮಕ್ಕಳಿಗೆ ಇನ್ನೊಂದು. 21ರಲ್ಲಿರುವ ಕಾಯಿ ಎಷ್ಟು ಬಗೆಯಲ್ಲಿ ಹಣ್ಣಾಗಬಹುದು? 3, 1 ಮತ್ತು 2, 2 ಮತ್ತು 1, ಮೂರು ಸಲ 1. ಒಟ್ಟು ನಾಲ್ಕು. 23, 22, 21, 20ಕ್ಕೆ ಕ್ರಮವಾಗಿ 1, 2, 4, 8 ಬಗೆ. 19ಕ್ಕೆ 16 ಎಂದು ಎಲ್ಲರೂ ಹೇಳುತ್ತಾರೆ. ಉತ್ತರ 15, ಏಕೆಂದರೆ ಚೌಕಾಬಾರದಲ್ಲಿ ಐದರ ಗರವೇ ಇಲ್ಲ.

ನಾಲ್ಕು ಕವಡೆ (ಇಲ್ಲಿ ಮುಚ್ಚಳ) 16 ರೀತಿ ಬೀಳಬಹುದು, ಅಂಗಾತ ಬಿದ್ದಷ್ಟು ಗರ: ಒಂದು 4 ರೀತಿ, ಎರಡು 6, ಮೂರು 4, ಚೌಕ 1, ಎಲ್ಲ ಕವುಚಿ ಬಿದ್ದ 8 ಒಂದೇ ರೀತಿ. ಸರಾಸರಿ ಗರ 2.5. ಆದರೆ ಈ ಲೆಕ್ಕ ಎರಡು ಮಗ್ಗುಲೂ ಸಮವಾಗಿ ಬೀಳುವಾಗ ಮಾತ್ರ. ಮುಚ್ಚಳ ಒಂದು ಮಗ್ಗುಲಿಗೇ ಹೆಚ್ಚು ಬೀಳಬಹುದು. ಅದನ್ನು ಮುಚ್ಚಿಡಬೇಡಿ: 50 ಗರ ಹಾಕಿಸಿ, ಗೀಟು ಎಳೆದು ಎಣಿಸಿ, ಎಷ್ಟು ವ್ಯತ್ಯಾಸವಿದೆ ನೋಡಿ. ಒಂದೇ ದಿನ ಮಾಡಬೇಕೆಂದಿಲ್ಲ, ದಿನಕ್ಕೆ ಹತ್ತು ಸಾಕು.

ನಿಯಮ ಊರಿಂದ ಊರಿಗೆ ಬೇರೆ. ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬಂಥವನ್ನು ಮೊದಲೇ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಗೊತ್ತುಮಾಡಿಕೊಳ್ಳಿ. "ನನಗೆ ಲೆಕ್ಕ ಬರಲ್ಲ ಮೇಡಂ" ಎನ್ನುವ ಅಮ್ಮಂದಿರೇ ಇದರಲ್ಲಿ ನಿಮಗಿಂತ ಚುರುಕಾಗಿರುತ್ತಾರೆ. ನೀವು ಹೋದ ಮೇಲೆ ಆಡುವವರೂ ಅವರೇ. ಬೇಕೆಂದೇ ಸೋಲಬೇಡಿ, ಮಕ್ಕಳಿಗೆ ತಿಳಿದುಬಿಡುತ್ತದೆ. ಆಟ ಸಮಕ್ಕೆ ಬರಬೇಕಾದರೆ ಮಗುವಿನ ಒಂದು ಕಾಯಿಯನ್ನು 8ರಿಂದ ಹೊರಡಿಸಿ. ಮಗು ಬೇಡ ಎಂದರೆ ಅಂದಿಗೆ ಎತ್ತಿಡಿ. ಸೂಜಿಗೆ, ಮಾತ್ರೆಗೆ ಬೇಡ ಎನ್ನಲು ಅದಕ್ಕೆ ಆಗುವುದಿಲ್ಲ.

ಏನನ್ನೂ ಮುಟ್ಟುವಂತಿಲ್ಲದ ಪ್ರತ್ಯೇಕ ಕೋಣೆಯಲ್ಲಿ ಬರೀ ಬಾಯಲ್ಲಿ ನೂರು ಮುಟ್ಟುವ ಆಟ ಆಡಿ. ಸೊನ್ನೆಯಿಂದ ಶುರು, ಒಬ್ಬರಾದ ಮೇಲೆ ಒಬ್ಬರು 1ರಿಂದ 10ರೊಳಗಿನ ಯಾವುದಾದರೂ ಸಂಖ್ಯೆ ಕೂಡಿಸುತ್ತಾ ಹೋಗುವುದು, 100 ಹೇಳಿದವರು ಗೆದ್ದರು. ಬರೆದಿಡಬೇಕಾದ್ದು ಒಂದು ಸಂಖ್ಯೆ, ಸರದಿ ಯಾರದ್ದು ಎಂಬುದು, ಅಷ್ಟೇ. ಕಿಟಕಿಯ ಆಚೆಯಿಂದ ಬೆರಳಲ್ಲೂ ಆಡಬಹುದು, ಫೋನಿನಲ್ಲೂ ಆಡಬಹುದು. ಚಿಕ್ಕವರಿಗೆ ಗುರಿ 21, ಕೂಡಿಸುವುದು 1ರಿಂದ 3. ನಾಲ್ಕೈದು ಆಟ ಆಗುವವರೆಗೆ ಗುಟ್ಟು ಬಿಡಬೇಡಿ. ಆಮೇಲೆ ಕೇಳಿ: "89 ಹೇಳಿದವರನ್ನು ಯಾರಾದರೂ ಸೋಲಿಸಿದ್ದಾರಾ?" ಅಲ್ಲಿಂದ 78, 67, 56 ಎಂದು ಹನ್ನೊಂದರ ಮೆಟ್ಟಿಲಿಳಿದು 1ಕ್ಕೆ ಬರುವುದು ಮಗುವಿನ ಕೆಲಸ. ಒಂದೇ ದಿನಕ್ಕೆ ಇಳಿಯದು. ಇಳಿದ ದಿನ ಮಗು ನಿಮ್ಮ ಜೊತೆ ಆಡಲು ಒಪ್ಪುವುದಿಲ್ಲ, ಗುಟ್ಟು ಗೊತ್ತಿಲ್ಲದ ವಾರ್ಡ್‌ಬಾಯ್‌ನನ್ನೋ ಡ್ಯೂಟಿ ಡಾಕ್ಟರನ್ನೋ ಹುಡುಕುತ್ತದೆ.